ವಿಡಿಯೋ ಗೇಮ್‌ಗಳಲ್ಲಿ ಹೆಣ್ಣಿನ ಚಿತ್ರಣ: ಚೆನ್ನೈ ಕನ್ನಡ ಕುಟುಂಬಗಳಿಗೊಂದು ಪರಿಚಯ ಲೇಖನ

ಸಿನಿಮಾ, ಧಾರಾವಾಹಿ ಹಾಗೂ ವಾರಪತ್ರಿಕೆಗಳು ಹೆಣ್ಣನ್ನು ಹೇಗೆ ಚಿತ್ರಿಸುತ್ತವೆ ಎಂಬ ಚರ್ಚೆ ನಮ್ಮ ಸಮಾಜಕ್ಕೆ ಹೊಸದೇನಲ್ಲ. ಸಾಹಿತ್ಯ ಗೋಷ್ಠಿಗಳಲ್ಲಿ, ಮಹಿಳಾ ಸಮಾಜಗಳ ಸಭೆಗಳಲ್ಲಿ, ಮನೆಯ ಊಟದ ಹೊತ್ತಿನ ಮಾತುಕತೆಯಲ್ಲಿಯೂ ಅದು ದಶಕಗಳಿಂದ ನಡೆದು ಬಂದಿದೆ. ಆದರೆ ಇಂದಿನ ಮಕ್ಕಳು ಹೆಚ್ಚು ಹೊತ್ತು ಕಳೆಯುವ ವಿಡಿಯೋ ಗೇಮ್ ಮಾತ್ರ ಈ ಚರ್ಚೆಯ ಹೊರಗೆ ಉಳಿದುಬಿಟ್ಟಿದೆ. ಇದಕ್ಕೆ ಕಾರಣ ಸ್ಪಷ್ಟ. ಸಿನಿಮಾವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುತ್ತಾರೆ. ಗೇಮ್ ಆಡುವ ಮಗು ಕಿವಿಗೆ ಹೆಡ್‌ಫೋನ್ ಧರಿಸಿ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಪರದೆಯ ಮೇಲೆ ಯಾರಿದ್ದಾರೆ, ಕಿವಿಯಲ್ಲಿ ಯಾರು ಮಾತನಾಡುತ್ತಿದ್ದಾರೆ ಎಂಬುದು ಪಕ್ಕದಲ್ಲಿಯೇ ಇರುವ ತಾಯಿತಂದೆಯರಿಗೂ ತಿಳಿಯುವುದಿಲ್ಲ.

ಚೆನ್ನೈನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಅಂತರ ಇನ್ನೂ ಒಂದು ಪಟ್ಟು ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ನಡುವೆ ತಮಿಳು ಎಂಬಂತೆ ಬೆಳೆಯುವ ಮಕ್ಕಳು ಆಟದ ಹೊತ್ತಿನಲ್ಲಿ ಕೇಳುವ, ಆಡುವ ಮಾತುಗಳು ಎಷ್ಟೋ ಸಲ ಅಜ್ಜ ಅಜ್ಜಿಯರಿಗೆ ಅರ್ಥವೇ ಆಗುವುದಿಲ್ಲ. ಈ ಹಿನ್ನೆಲೆಯಲ್ಲಿ ವಿಡಿಯೋ ಗೇಮ್‌ಗಳಲ್ಲಿ ಹಾಗೂ ಅವುಗಳ ಸುತ್ತ ಬೆಳೆದಿರುವ ಸಂಸ್ಕೃತಿಯಲ್ಲಿ ಹೆಣ್ಣಿಗೆ ದೊರೆತಿರುವ ಸ್ಥಾನವನ್ನು ಕುರಿತು ಅಗತ್ಯ ಮಾಹಿತಿಯನ್ನು ಒಂದೆಡೆ ನೀಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ಚರ್ಚೆಗೆ ತೊಡಗುವ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಹೆಣ್ಣಿನ ಸೌಂದರ್ಯವನ್ನು ಚಿತ್ರಿಸಿದ ಮಾತ್ರಕ್ಕೆ ಅದು ದೋಷವಾಗುವುದಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಂಡು ಬೆಳೆದ ನಾಡು ನಮ್ಮದು. ಶೃಂಗಾರವನ್ನು ರಸಗಳ ಸಾಲಿನಲ್ಲಿ ಮೊದಲಿಗೆ ಕೂರಿಸಿದ ಪರಂಪರೆ ನಮ್ಮದು. ಆದ್ದರಿಂದ "ಗುಡಿಯ ಗೋಡೆಯ ಮೇಲೆ ಇಲ್ಲದ್ದು ಗೇಮ್‌ನಲ್ಲಿ ಏನಿದೆ?" ಎಂದು ಹದಿಹರೆಯದ ಮಗ ಕೇಳಿದರೆ ಹಿರಿಯರು ತಬ್ಬಿಬ್ಬಾಗಬೇಕಿಲ್ಲ. ಬೇಲೂರಿನ ಮದನಿಕೆಯರಲ್ಲಿ ಒಬ್ಬಳು ಬೇಟೆಯಾಡುತ್ತಾಳೆ, ಒಬ್ಬಳು ವಾದ್ಯ ನುಡಿಸುತ್ತಾಳೆ, ಒಬ್ಬಳು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ಪ್ರತಿಯೊಬ್ಬಳಿಗೂ ತನ್ನದೇ ಕೆಲಸವಿದೆ, ತನ್ನದೇ ಲಹರಿಯಿದೆ.

ದೋಷವು ಆರಂಭವಾಗುವುದು ಹೆಣ್ಣಿಗೆ ಕೆಲಸವೂ ಇಲ್ಲ, ಮನಸ್ಸೂ ಇಲ್ಲ, ಇರುವುದು ನೋಡಿಸಿಕೊಳ್ಳುವ ದೇಹವೊಂದೇ ಎಂದಾಗ. ವಿಡಿಯೋ ಗೇಮ್‌ಗಳಲ್ಲಿ ಇದು ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು, ಹೆಣ್ಣು ಕೇವಲ ಬಹುಮಾನವಾಗುವುದು. ನಾಯಕ ಗೆದ್ದರೆ ಅವಳು ಅವನಿಗೆ ದಕ್ಕುತ್ತಾಳೆ. ಎರಡನೆಯದು, ವೇಷ. ಗಂಡು ಯೋಧನಿಗೆ ನಖಶಿಖಾಂತ ಲೋಹದ ಕವಚವಿದ್ದರೆ, ಅದೇ ರಣರಂಗದಲ್ಲಿರುವ ಹೆಣ್ಣು ಯೋಧಳಿಗೆ ಈಜುಡುಗೆಯಷ್ಟೇ ಕವಚ. ಮೂರನೆಯದು, ಕ್ಯಾಮೆರಾ. ಅವಳು ಮಾತನಾಡುವಾಗಲೂ ಅದು ಮುಖವನ್ನು ಬಿಟ್ಟು ಮೈಮೇಲೆ ಹರಿದಾಡುತ್ತದೆ. ನಾಲ್ಕನೆಯದು, ಹಿನ್ನೆಲೆಯ ಅಲಂಕಾರ. ಹೆಸರಿಲ್ಲದ ಹೆಂಗಸರು ದಾರಿಬದಿಯಲ್ಲಿ ನಿಂತಿರುವುದು, ಆಟಗಾರನು ಅವರನ್ನು ಕೊಳ್ಳುವ, ಹೊಡೆಯುವ ಅಥವಾ ಕೊಲ್ಲುವ ಅವಕಾಶವಿರುವುದು.

ಇಲ್ಲಿ ಸಿನಿಮಾಕ್ಕೂ ಗೇಮ್‌ಗೂ ಇರುವ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಸಿನಿಮಾದಲ್ಲಿ ಪ್ರೇಕ್ಷಕನು ನೋಡುಗ ಮಾತ್ರ. ಗೇಮ್‌ನಲ್ಲಿ ಕ್ಯಾಮೆರಾವನ್ನು ತಿರುಗಿಸುವ ಕೈ ಆಟಗಾರನದು, ಪಾತ್ರದ ಉಡುಗೆಯನ್ನು ಆರಿಸುವ ಮತ್ತು ಅದಕ್ಕೆ ಹಣ ತೆರುವ ನಿರ್ಧಾರವೂ ಅವನದು. ಇಂದಿನ ಬಹುತೇಕ ಉಚಿತ ಗೇಮ್‌ಗಳ ಆದಾಯ 'ಸ್ಕಿನ್' ಎಂದು ಕರೆಯಲಾಗುವ ಇಂಥ ಉಡುಗೆ ಅಲಂಕಾರಗಳ ಮಾರಾಟವನ್ನು ಅವಲಂಬಿಸಿರುವುದರಿಂದ, ಯಾವ ವೇಷ ಹೆಚ್ಚು ಬಿಕರಿಯಾಗುತ್ತದೆಯೋ ಅಂಥದ್ದೇ ಮತ್ತೆ ಮತ್ತೆ ತಯಾರಾಗುತ್ತದೆ.

ಚರಿತ್ರೆಯ ಕೆಲವು ಮೈಲಿಗಲ್ಲುಗಳು

ಈ ಮಾಧ್ಯಮವು ಆರಂಭದಿಂದಲೂ ಗಂಡಸರ ಸೊತ್ತಾಗಿತ್ತೆಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. 1980ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯ ತೋರು ಇವಟಾನಿಯವರು 'ಪ್ಯಾಕ್‌ಮನ್' ಆಟವನ್ನು ರೂಪಿಸಿದಾಗ ಹೆಣ್ಣುಮಕ್ಕಳೂ ಆಟದ ಅಂಗಡಿಗಳಿಗೆ ಬರಲಿ ಎಂಬುದೇ ಅವರ ಆಶಯವಾಗಿತ್ತು. ಮರುವರ್ಷ ನಿಂಟೆಂಡೋ ಸಂಸ್ಥೆಯ 'ಡಾಂಕಿ ಕಾಂಗ್' ಬಂದಿತು. ದೈತ್ಯ ವಾನರನೊಂದು ಹೊತ್ತೊಯ್ದ ಹೆಣ್ಣನ್ನು ನಾಯಕನು ಬಿಡಿಸಿ ತರುವ ಕಥೆ ಅದು. ಆ ಚೌಕಟ್ಟು ಮುಂದಿನ ನೂರಾರು ಆಟಗಳಿಗೆ ಮಾದರಿಯಾಯಿತು.

1982ರಲ್ಲಿ ಅಮೆರಿಕದ ಮಿಸ್ಟಿಕ್ ಎಂಬ ಸಂಸ್ಥೆಯು ಅಟಾರಿ ಯಂತ್ರಕ್ಕಾಗಿ ಹೊರತಂದ 'ಕಸ್ಟರ್ಸ್ ರಿವೆಂಜ್' ಎಂಬ ಆಟದಲ್ಲಿ ಕಟ್ಟಿಹಾಕಲ್ಪಟ್ಟ ಮೂಲನಿವಾಸಿ ಹೆಣ್ಣಿನ ಮೇಲಿನ ಅತ್ಯಾಚಾರವೇ ಆಟದ ಗುರಿಯಾಗಿತ್ತು. ನ್ಯೂಯಾರ್ಕ್‌ನಲ್ಲಿ ಮಹಿಳಾ ಸಂಘಟನೆಗಳೂ ಮೂಲನಿವಾಸಿ ಸಂಘಟನೆಗಳೂ ಒಟ್ಟಾಗಿ ಬೀದಿಗಿಳಿದು ಪ್ರತಿಭಟಿಸಿದವು. 1986ರ 'ಮೆಟ್ರಾಯ್ಡ್' ಆಟದ ಕಥೆ ಬೇರೆ ರೀತಿಯದು. ಲೋಹದ ಕವಚದೊಳಗಿರುವ ವೀರ ಯೋಧ ಒಬ್ಬ ಹೆಣ್ಣು ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. ಅದೊಂದು ಹೊಸ ಹೆಜ್ಜೆಯೇ ಸರಿ. ಆದರೆ ಆಟವನ್ನು ಬೇಗ ಮುಗಿಸಿದವನಿಗೆ ಅದೇ ವೀರಳು ಈಜುಡುಗೆಯಲ್ಲಿ ದರ್ಶನ ಕೊಡುತ್ತಿದ್ದಳು. ಗೌರವವನ್ನು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ಈ ಪರಿ ಮುಂದೆಯೂ ಹಲವು ಆಟಗಳಲ್ಲಿ ಮುಂದುವರಿಯಿತು.

1996ರಲ್ಲಿ ಬ್ರಿಟನ್ನಿನ ಕೋರ್ ಡಿಸೈನ್ ಸಂಸ್ಥೆಯ 'ಟೂಂಬ್ ರೈಡರ್' ಮೂಲಕ ಬಂದ ಲಾರಾ ಕ್ರಾಫ್ಟ್ ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ. ಪುರಾತನ ಗೋರಿಗಳನ್ನು ಶೋಧಿಸುವ ಧೈರ್ಯವಂತೆ, ವಿದ್ಯಾವಂತೆ. ಕೋಟ್ಯಂತರ ಆಟಗಾರರು ಒಬ್ಬ ಹೆಣ್ಣಿನ ಪಾತ್ರವನ್ನು ಮುನ್ನಡೆಸುವುದನ್ನು ಸಹಜವೆಂದು ಒಪ್ಪಿಕೊಂಡದ್ದು ಅವಳಿಂದ. ಆದರೆ ಜಾಹೀರಾತುಗಳು ಮಾರಿದ್ದು ಅವಳ ಧೈರ್ಯಕ್ಕಿಂತ ಹೆಚ್ಚಾಗಿ ಅವಳ ಮೈಕಟ್ಟನ್ನು. ಪಾತ್ರವನ್ನು ಸೃಷ್ಟಿಸಿದ ಟೋಬಿ ಗಾರ್ಡ್ ಅವರು ಮರುವರ್ಷವೇ ಸಂಸ್ಥೆಯನ್ನು ತೊರೆದರು. ತಮ್ಮ ಸೃಷ್ಟಿಯನ್ನು ಪ್ರಚಾರದಲ್ಲಿ ಬಳಸಿಕೊಂಡ ರೀತಿ ಅವರಿಗೆ ಹಿಡಿಸಿರಲಿಲ್ಲ.

2005ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಟದೊಳಗೆ ಅಡಗಿದ್ದ ಲೈಂಗಿಕ ದೃಶ್ಯವೊಂದು ಬೆಳಕಿಗೆ ಬಂದು, ಅಮೆರಿಕದಲ್ಲಿ ಅದರ ವಯೋಮಿತಿ ಗುರುತನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಲಾಯಿತು. ಜಪಾನಿನಲ್ಲಿ 2006ರಲ್ಲಿ ಹೊರಬಂದಿದ್ದ, ಅತ್ಯಾಚಾರವನ್ನೇ ವಸ್ತುವಾಗಿಸಿಕೊಂಡ ಆಟವೊಂದರ ವಿರುದ್ಧ 2009ರಲ್ಲಿ ಅಂತರರಾಷ್ಟ್ರೀಯ ಪ್ರತಿಭಟನೆ ನಡೆದು, ಅಲ್ಲಿನ ಉದ್ಯಮದ ಸಂಘಟನೆಯೇ ಅಂಥ ಆಟಗಳ ತಯಾರಿಕೆಗೆ ತಡೆಯೊಡ್ಡಿತು. ನಮ್ಮ ದೇವತೆಗಳೂ ಇದಕ್ಕೆ ಹೊರತಾಗಲಿಲ್ಲ. 2012ರಲ್ಲಿ ಅಮೆರಿಕದ 'ಸ್ಮೈಟ್' ಎಂಬ ಆಟದಲ್ಲಿ ಕಾಳಿಯನ್ನು ಅರೆಬೆತ್ತಲೆಯಾಗಿ, ಕಾಮೋದ್ರೇಕದ ಭಂಗಿಯಲ್ಲಿ ತೋರಿಸಲಾಗಿದೆಯೆಂದು ಅಲ್ಲಿನ ಹಿಂದೂ ಮುಖಂಡರು ಆಕ್ಷೇಪಿಸಿದರು.

ಅಧ್ಯಯನಗಳು ಹೇಳುವುದೇನು?

ಈ ವಿಷಯದಲ್ಲಿ ಆವೇಶದ ಮಾತುಗಳು ಹೆಚ್ಚು. ಆದ್ದರಿಂದ ಸಂಶೋಧನೆಗಳತ್ತ ಕಣ್ಣು ಹಾಯಿಸುವುದು ಅಗತ್ಯ. 1998ರಲ್ಲಿ ಟ್ರೇಸಿ ಡಿಯೆಟ್ಜ್ ಅವರು ಆಗ ಜನಪ್ರಿಯವಾಗಿದ್ದ 33 ಆಟಗಳನ್ನು ಪರಿಶೀಲಿಸಿದರು. ಪಾತ್ರಗಳಿದ್ದ ಆಟಗಳ ಪೈಕಿ ಶೇ. 41ರಲ್ಲಿ ಹೆಣ್ಣು ಪಾತ್ರಗಳೇ ಇರಲಿಲ್ಲ. ಶೇ. 28ರಲ್ಲಿ ಹೆಣ್ಣನ್ನು ಭೋಗವಸ್ತುವಾಗಿ ತೋರಿಸಲಾಗಿತ್ತು. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಟೆರೆಸಾ ಲಿಂಚ್ ಹಾಗೂ ಸಂಗಡಿಗರು 1983ರಿಂದ 2014ರವರೆಗಿನ 571 ಆಟಗಳನ್ನು ವಿಶ್ಲೇಷಿಸಿದರು. ಹೆಣ್ಣು ಪಾತ್ರಗಳ ಲೈಂಗಿಕ ಚಿತ್ರಣವು 1990ರ ದಶಕದಲ್ಲಿ ಶಿಖರ ಮುಟ್ಟಿ, 2006ರ ನಂತರ ಇಳಿಮುಖವಾಗಿದೆಯೆಂದು ಅವರು ಕಂಡುಕೊಂಡರು. ಆದರೂ ಹೆಣ್ಣು ಪಾತ್ರಗಳಿಗೆ ಮುಖ್ಯ ಸ್ಥಾನಕ್ಕಿಂತ ಪೋಷಕ ಸ್ಥಾನವೇ ಹೆಚ್ಚಾಗಿ ದೊರೆಯುತ್ತಿತ್ತು, ಮತ್ತು ಅಂಥ ಪೋಷಕ ಪಾತ್ರಗಳಲ್ಲಿಯೇ ಈ ದೋಷ ಹೆಚ್ಚಾಗಿತ್ತು.

ಇಂಥ ಚಿತ್ರಣದಿಂದ ಆಡುವವರ ಮನಸ್ಸಿನ ಮೇಲೆ ಆಗುವ ಪರಿಣಾಮವೇನು ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜೆಸ್ಸಿ ಫಾಕ್ಸ್ ಮತ್ತು ಸಂಗಡಿಗರ 2013ರ ಪ್ರಯೋಗದಲ್ಲಿ, ಕಾಮಪ್ರಚೋದಕ ವೇಷದ ಪಾತ್ರವನ್ನು ತಮ್ಮದೆಂದು ಧರಿಸಿದ ಯುವತಿಯರಲ್ಲಿ ತಮ್ಮ ದೇಹದ ಕುರಿತ ಚಿಂತೆ ಹೆಚ್ಚಾದದ್ದು ಕಂಡುಬಂದಿತು. ಇನ್ನೊಂದೆಡೆ, ಜರ್ಮನಿಯಲ್ಲಿ 824 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೇಮ್ ಆಡುವ ಅಭ್ಯಾಸಕ್ಕೂ ಹೆಣ್ಣನ್ನು ಕೀಳಾಗಿ ಕಾಣುವ ಧೋರಣೆಗೂ ನೇರ ಸಂಬಂಧ ಕಾಣಲಿಲ್ಲ. ಗೇಮ್ ಆಡಿದವರೆಲ್ಲ ಕೆಡುತ್ತಾರೆಂಬ ಭೀತಿಗೆ ಆಧಾರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಆಟದ ನಡುವೆ ಹೆಣ್ಣಿನ ಧ್ವನಿ ಕೇಳಿದಾಗ ಏನಾಗುತ್ತದೆ ಎಂಬ ಬಗ್ಗೆ ದೊರೆತಿರುವ ಸಾಕ್ಷ್ಯ ಇನ್ನಷ್ಟು ನೇರವಾದುದು. 'ಹೇಲೋ 3' ಎಂಬ ಆಟದಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ಬಗೆಯ ಮಾತುಗಳನ್ನು ಗಂಡು ಧ್ವನಿಯಲ್ಲಿಯೂ ಹೆಣ್ಣು ಧ್ವನಿಯಲ್ಲಿಯೂ ಕೇಳಿಸಲಾಯಿತು. ಹೆಣ್ಣು ಧ್ವನಿಗೆ ಮೂರು ಪಟ್ಟು ಹೆಚ್ಚು ನಿಂದನೆಯ ಮಾತು ಬಂದಿತು. ಅದೇ ಆಟವನ್ನು ಆಧರಿಸಿದ 2015ರ ಅಧ್ಯಯನವು, ಹೆಣ್ಣಿನ ಮೇಲೆ ಹೆಚ್ಚು ಹರಿಹಾಯುವವರು ಆಟದಲ್ಲಿ ಹಿಂದುಳಿದ ಗಂಡಸರೇ ಎಂಬುದನ್ನು ತೋರಿಸಿತು. ಆಟ ಬಾರದವನಿಗೆ ಅಂಗಳ ಡೊಂಕು ಎಂಬಂತೆ, ಸೋತವನ ಸಿಟ್ಟು ಪಕ್ಕದಲ್ಲಿದ್ದ ಹೆಣ್ಣಿನತ್ತ ತಿರುಗಿತ್ತು.

ಆಟದ ಸುತ್ತಲಿನ ಸಂಸ್ಕೃತಿ

ಈ ಹಗೆತನ ಆಟದ ಒಳಗಷ್ಟೇ ನಿಲ್ಲಲಿಲ್ಲ. 2012ರಲ್ಲಿ ಅನಿತಾ ಸರ್ಕೀಸಿಯನ್ ಎಂಬ ವಿಮರ್ಶಕಿಯು ವಿಡಿಯೋ ಗೇಮ್‌ಗಳಲ್ಲಿ ಹೆಣ್ಣಿನ ಚಿತ್ರಣವನ್ನು ಕುರಿತು ಉಪನ್ಯಾಸ ಮಾಲಿಕೆಯೊಂದನ್ನು ತಯಾರಿಸಲು ಸಾರ್ವಜನಿಕರಿಂದ 6,000 ಡಾಲರ್ ನೆರವು ಕೋರಿದರು. ಬಂದದ್ದು 1,58,922 ಡಾಲರ್. ಅದರ ಜೊತೆಗೆ ಬೆದರಿಕೆ, ಬೈಗುಳ, ಅಶ್ಲೀಲ ಚಿತ್ರಗಳ ಸುರಿಮಳೆಯೂ ಬಂದಿತು. ಅವರ ಮುಖಕ್ಕೆ ಗುದ್ದುವುದನ್ನೇ ಆಟವಾಗಿಸಿದ ಗೇಮ್ ಒಂದನ್ನೂ ಯಾರೋ ರಚಿಸಿದರು. 2014ರ ಆಗಸ್ಟ್‌ನಲ್ಲಿ 'ಗೇಮರ್‌ಗೇಟ್' ಎಂಬ ಹೆಸರಿನಲ್ಲಿ ಆರಂಭವಾದ ಅಭಿಯಾನವು ಗೇಮ್ ತಯಾರಿಸುವ, ವಿಮರ್ಶಿಸುವ ಹಲವು ಹೆಂಗಸರನ್ನು ಮನೆ ಬಿಟ್ಟು ಹೋಗುವಷ್ಟರ ಮಟ್ಟಿಗೆ ಕಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಸರ್ಕೀಸಿಯನ್ ಅವರು ನೀಡಬೇಕಾಗಿದ್ದ ಉಪನ್ಯಾಸವು ಸಾಮೂಹಿಕ ಹತ್ಯೆಯ ಬೆದರಿಕೆಯಿಂದಾಗಿ ರದ್ದಾಯಿತು.

ಗೇಮ್ ತಯಾರಿಸುವ ಕಚೇರಿಗಳ ಒಳಗಿನ ಸ್ಥಿತಿಯೂ ಇದಕ್ಕೆ ಸಂಬಂಧಿಸಿದ್ದೇ. 'ಲೀಗ್ ಆಫ್ ಲೆಜೆಂಡ್ಸ್' ತಯಾರಿಸಿದ ರಯಟ್ ಗೇಮ್ಸ್ ಸಂಸ್ಥೆಯು, ತನ್ನ ಮಹಿಳಾ ಉದ್ಯೋಗಿಗಳು ಲಿಂಗ ತಾರತಮ್ಯ ಹಾಗೂ ಕಿರುಕುಳದ ಆರೋಪ ಹೊರಿಸಿ ಹೂಡಿದ್ದ ದಾವೆಯನ್ನು 2021ರ ಡಿಸೆಂಬರ್‌ನಲ್ಲಿ 10 ಕೋಟಿ ಡಾಲರ್ ತೆತ್ತು ಇತ್ಯರ್ಥಪಡಿಸಿಕೊಳ್ಳಲು ಒಪ್ಪಿತು.

ಚೆನ್ನೈಯ ಅನುಭವ

ಇವೆಲ್ಲ ದೂರದ ದೇಶದ ಸುದ್ದಿಗಳೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಚೆನ್ನೈ ನಗರವು ಇದೇ ರೋಗದ ಮೂರು ಅವಸ್ಥೆಗಳನ್ನು ಕಂಡಿದೆ.

ಮೊದಲನೆಯದು ಬೀದಿಯಲ್ಲಿ. 1998ರಲ್ಲಿ ನಗರದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಚುಡಾಯಿಸುವವರ ಹಾವಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಇಡೀ ನಗರ ತಲ್ಲಣಿಸಿತು. ಅದರ ಫಲವಾಗಿ ಅದೇ ವರ್ಷ ತಮಿಳುನಾಡು ಸರಕಾರವು ಹೆಣ್ಣುಮಕ್ಕಳನ್ನು ಚುಡಾಯಿಸುವುದರ ವಿರುದ್ಧ ಪ್ರತ್ಯೇಕ ಕಾನೂನನ್ನೇ ತಂದಿತು. ಎರಡನೆಯದು ಅಂತರ್ಜಾಲದಲ್ಲಿ. ಮಹಿಳೆಯೊಬ್ಬರ ಹೆಸರಿನಲ್ಲಿ ಅಶ್ಲೀಲ ಸಂದೇಶಗಳನ್ನು ಹರಡಿದ ವ್ಯಕ್ತಿಗೆ 2004ರ ನವೆಂಬರ್‌ನಲ್ಲಿ ಎಗ್ಮೋರ್ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಸೆಕ್ಷನ್ ಅಡಿಯಲ್ಲಿ ದೇಶದಲ್ಲಿಯೇ ಮೊದಲ ಶಿಕ್ಷೆ ಎಂದು ಆ ತೀರ್ಪು ಪ್ರಸಿದ್ಧವಾಗಿದೆ.

ಮೂರನೆಯದು ಗೇಮ್‌ನ ಅಂಗಳದಲ್ಲಿ. 2018ರಲ್ಲಿ ಭಾರತಕ್ಕೆ ಬಂದ 'ಪಬ್‌ಜಿ ಮೊಬೈಲ್' ಆಟವನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರ್ 2ರಂದು ಇತರ ಹಲವು ಆ್ಯಪ್‌ಗಳೊಂದಿಗೆ ನಿಷೇಧಿಸಿತು. ನಿಷೇಧದ ನಂತರವೂ ಆ ಆಟವನ್ನು ಆಡುತ್ತಾ, ಅದನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡುತ್ತಿದ್ದ 'ಟಾಕ್ಸಿಕ್ ಮದನ್ 18+' ಎಂಬ ತಮಿಳು ವಾಹಿನಿಗೆ ಲಕ್ಷಗಟ್ಟಲೆ ಚಂದಾದಾರರಿದ್ದರು. ಜೊತೆಯಲ್ಲಿ ಆಡುವ ಹೆಣ್ಣುಮಕ್ಕಳನ್ನು ಅತ್ಯಂತ ಹೊಲಸು ಮಾತುಗಳಲ್ಲಿ ನಿಂದಿಸಲಾಗುತ್ತಿತ್ತು, ಕೇಳುಗರಲ್ಲಿ ಬಹಳ ಮಂದಿ ಶಾಲಾ ಬಾಲಕರಾಗಿದ್ದರು ಎಂಬ ದೂರುಗಳು ಬಂದವು. ಚೆನ್ನೈ ಪೊಲೀಸರ ಕೇಂದ್ರ ಅಪರಾಧ ವಿಭಾಗವು ಪ್ರಕರಣ ದಾಖಲಿಸಿಕೊಂಡಿತು. ನಿರೀಕ್ಷಣಾ ಜಾಮೀನು ಕೋರಿ ಬಂದ ಅರ್ಜಿಯ ವಿಚಾರಣೆಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು, ಆ ಧ್ವನಿಮುದ್ರಣಗಳನ್ನು ಮೊದಲು ಕೇಳಿ ಬಂದು ವಾದ ಮಂಡಿಸುವಂತೆ ವಕೀಲರಿಗೆ ಸೂಚಿಸಿದರು. 2021ರ ಜೂನ್ 18ರಂದು ಆರೋಪಿಯನ್ನು ಧರ್ಮಪುರಿಯಲ್ಲಿ ಬಂಧಿಸಲಾಯಿತು. ಮರುತಿಂಗಳು ಗೂಂಡಾ ಕಾಯ್ದೆಯ ಅಡಿಯಲ್ಲಿಯೂ ಬಂಧನದ ಆದೇಶ ಹೊರಬಿತ್ತು.

ಈ ಪ್ರಕರಣದಿಂದ ಕಲಿಯಬೇಕಾದ ಪಾಠಗಳು ಎರಡು. ಪಬ್‌ಜಿ ಆಟದ ತಿರುಳು ಯುದ್ಧ. ಹೆಣ್ಣಿನ ಲೈಂಗಿಕ ಚಿತ್ರಣಕ್ಕೆ ಕುಖ್ಯಾತವಾದ ಆಟಗಳ ಸಾಲಿಗೆ ಅದು ಸೇರಿದ್ದಲ್ಲ. ಆದರೂ ಆ ಬಾಲಕರ ಕಿವಿಗೆ ಬಿದ್ದದ್ದು ಹೆಣ್ಣಿನ ಅವಮಾನ. ಹಾಗಾಗಿ ಪರದೆಯ ಮೇಲಿನ ಚಿತ್ರವನ್ನು ಮಾತ್ರ ಪರಿಶೀಲಿಸಿ ಸಮಾಧಾನಪಟ್ಟುಕೊಳ್ಳುವ ತಾಯಿತಂದೆಯರು ಅರ್ಧವನ್ನಷ್ಟೇ ನೋಡಿದಂತಾಯಿತು. ಎರಡನೆಯದಾಗಿ, ವಾಹಿನಿಯ ಹೆಸರಿನಲ್ಲಿಯೇ ಇದ್ದ '18+' ಎಂಬ ಗುರುತು ಮಕ್ಕಳನ್ನು ತಡೆಯಲಿಲ್ಲ. ಅಂಥ ಗುರುತು ಹದಿಹರೆಯದವರಿಗೆ ಆಹ್ವಾನ ಪತ್ರಿಕೆಯಂತೆ ಕಾಣುವುದೂ ಉಂಟು.

ಇದಕ್ಕೂ ಹಿಂದೆ, 2000ರ ದಶಕದಲ್ಲಿ, ಬರ್ಮಾ ಬಜಾರ್‌ನಂಥ ಅಂಗಡಿ ಸಾಲುಗಳಲ್ಲಿ ದೊರೆಯುತ್ತಿದ್ದ ನಕಲಿ ಸಿ.ಡಿ.ಗಳ ಮೂಲಕ ಗೇಮ್‌ಗಳು ಮನೆ ಸೇರುತ್ತಿದ್ದ ಕಾಲವನ್ನು ಹಲವು ಓದುಗರು ಬಲ್ಲರು. ನಕಲಿ ಸಿ.ಡಿ.ಗೆ ಮೂಲ ರಕ್ಷಾಕವಚವಿರುತ್ತಿರಲಿಲ್ಲ. ಆದ್ದರಿಂದ ಅದರ ಮೇಲಿನ ವಯೋಮಿತಿ ಗುರುತೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 17 ವರ್ಷ ಮೀರಿದವರಿಗೆಂದು ಗುರುತಿಸಲ್ಪಟ್ಟ 'ವೈಸ್ ಸಿಟಿ'ಯನ್ನು ನಮ್ಮ ಎಷ್ಟೋ ಬಾಲಕರು ಕಾರ್ ಓಡಿಸುವ ಆಟವೆಂದೇ ಮನೆಯವರಿಗೆ ಹೇಳಿ ಆಡಿ ಮುಗಿಸಿದರು. ಅಂದು ಹಾಗೆ ಆಡಿದ ತಲೆಮಾರಿನವರೇ ಇಂದಿನ ತಾಯಿತಂದೆಯರು.

ಕಾನೂನಿನ ಸ್ಥಿತಿ

ಸಿನಿಮಾಕ್ಕೆ ಪ್ರಮಾಣಪತ್ರ ನೀಡುವ ಮಂಡಳಿ ನಮ್ಮಲ್ಲಿದೆ. ಆದರೆ ವಿಡಿಯೋ ಗೇಮ್ ಅದರ ವ್ಯಾಪ್ತಿಗೆ ಬರುವುದಿಲ್ಲ. 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆಯು ಮುಖ್ಯವಾಗಿ ಜಾಹೀರಾತು ಹಾಗೂ ಮುದ್ರಿತ ಪ್ರಕಟಣೆಗಳನ್ನು ಗಮನದಲ್ಲಿರಿಸಿಕೊಂಡು ರಚಿತವಾದದ್ದು. ಹೊಸ ಮಾಧ್ಯಮಗಳಿಗೂ ಅದನ್ನು ವಿಸ್ತರಿಸಲು 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾದ ತಿದ್ದುಪಡಿ ಮಸೂದೆಯು ಕಾಯ್ದೆಯಾಗಲಿಲ್ಲ. 2022ರ ತಮಿಳುನಾಡು ಆನ್‌ಲೈನ್ ಗೇಮಿಂಗ್ ಕಾಯ್ದೆಯಾಗಲಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾಗಲಿ ಮುಖ್ಯವಾಗಿ ಕೈ ಹಾಕಿದ್ದು ಹಣ ಕಟ್ಟಿ ಆಡುವ ಆಟಗಳ ಪಿಡುಗಿಗೆ. ಹೆಣ್ಣಿನ ಚಿತ್ರಣ ಅವುಗಳ ಮುಖ್ಯ ವಿಷಯವಲ್ಲ.

ಆದರೆ ಆಟದ ನಡುವೆ ನಡೆಯುವ ನಿಂದನೆ, ಕಿರುಕುಳಗಳಿಗೆ ಕಾನೂನಿನ ರಕ್ಷಣೆ ಖಂಡಿತ ಇದೆ. ಮಾತು ಅಥವಾ ಸಂಜ್ಞೆಯಿಂದ ಹೆಣ್ಣಿನ ಮಾನಕ್ಕೆ ಧಕ್ಕೆ ತರುವುದು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 79ನೆಯ ಸೆಕ್ಷನ್ ಪ್ರಕಾರ ಅಪರಾಧ. ಲೈಂಗಿಕ ಕಿರುಕುಳಕ್ಕೆ 75ನೆಯ ಸೆಕ್ಷನ್, ಬೆಂಬತ್ತಿ ಕಾಡುವುದಕ್ಕೆ 78ನೆಯ ಸೆಕ್ಷನ್ ಅನ್ವಯಿಸುತ್ತವೆ. ಅಶ್ಲೀಲ ವಿಷಯವನ್ನು ಅಂತರ್ಜಾಲದಲ್ಲಿ ಹರಡುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಸೆಕ್ಷನ್ ಇದೆ. ತೊಂದರೆಗೊಳಗಾದವರು 18 ವರ್ಷದೊಳಗಿನವರಾಗಿದ್ದರೆ 2012ರ ಪೋಕ್ಸೋ ಕಾಯ್ದೆಯೂ ಅನ್ವಯಿಸಬಹುದು.

ವಯೋಮಿತಿ ಗುರುತುಗಳನ್ನು ಓದುವ ಬಗೆ

1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ನಡೆದ ವಿಚಾರಣೆಗಳ ನಂತರ, 1994ರಲ್ಲಿ ಗೇಮ್ ಉದ್ಯಮವು ಇ.ಎಸ್.ಆರ್.ಬಿ. ಎಂಬ ಶ್ರೇಣೀಕರಣ ಮಂಡಳಿಯನ್ನು ಸ್ಥಾಪಿಸಿಕೊಂಡಿತು. ಅದರ ಗುರುತುಗಳಲ್ಲಿ 'ಇ' ಎಂದರೆ ಎಲ್ಲರಿಗೆ, 'ಟಿ' ಎಂದರೆ 13 ವರ್ಷ ಮೀರಿದವರಿಗೆ, 'ಎಂ' ಎಂದರೆ 17 ವರ್ಷ ಮೀರಿದವರಿಗೆ, 'ಎ.ಓ.' ಎಂದರೆ ವಯಸ್ಕರಿಗೆ ಮಾತ್ರ. ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಭಾರತದಲ್ಲಿ ಗೂಗಲ್ ಪ್ಲೇ ಸ್ಟೋರ್‌ನ ಪ್ರತಿ ಗೇಮ್‌ನ ಹೆಸರಿನ ಕೆಳಗೆ 3+, 7+, 12+, 16+, 18+ ಎಂಬ ಗುರುತುಗಳಲ್ಲಿ ಒಂದನ್ನು ಕಾಣಬಹುದು. ಸಂಖ್ಯೆಯನ್ನು ನೋಡಿ ಅಷ್ಟಕ್ಕೇ ನಿಲ್ಲದೆ, ಅದನ್ನು ಒತ್ತಿ ಕಾರಣವನ್ನೂ ಓದಬೇಕು. ಹಿಂಸೆಯೇ, ಲೈಂಗಿಕ ವಿಷಯವೇ, ಕೆಟ್ಟ ಭಾಷೆಯೇ ಎಂಬುದನ್ನು ಅಲ್ಲಿ ತಿಳಿಸಿರುತ್ತಾರೆ.

ಒಂದು ಎಚ್ಚರಿಕೆ ಅಗತ್ಯ. ಈ ಗುರುತು ಗೇಮ್‌ನ ಒಳಗಿರುವುದಕ್ಕೆ ಮಾತ್ರ. ಇತರ ಆಟಗಾರರ ಮಾತು ಅದರ ಲೆಕ್ಕಕ್ಕೆ ಬರುವುದಿಲ್ಲ. ಗೇಮ್‌ನ ನಡುನಡುವೆ ಬರುವ ಜಾಹೀರಾತುಗಳಿಗೂ ಇದೇ ಮಾತು ಹೊಂದುತ್ತದೆ. ಬಣ್ಣದ ಗೋಲಿಗಳನ್ನು ಜೋಡಿಸುವ ನಿರುಪದ್ರವಿ ಆಟದ ಮಧ್ಯೆ, ಹೆಣ್ಣನ್ನು ಅಸಹ್ಯವಾಗಿ ತೋರಿಸುವ ಬೇರೊಂದು ಆ್ಯಪ್‌ನ ಜಾಹೀರಾತು ನುಗ್ಗಿಬರುವುದು ಸಾಮಾನ್ಯ. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರವು 2025ರಲ್ಲಿ ಇಂಥ ಹಲವು ಜಾಹೀರಾತುಗಳ ವಿರುದ್ಧ ಕ್ರಮ ಕೈಗೊಂಡಿತು.

ಬದಲಾಗುತ್ತಿರುವ ಚಿತ್ರಣ

ಚಿತ್ರ ಪೂರ್ತಿ ಕಪ್ಪಲ್ಲ. 2013ರಲ್ಲಿ 'ಟೂಂಬ್ ರೈಡರ್' ಆಟವನ್ನು ಮತ್ತೆ ಹೊಸದಾಗಿ ರೂಪಿಸಿದಾಗ, ರಿಯಾನಾ ಪ್ರಾಚೆಟ್ ಎಂಬ ಲೇಖಕಿಯು ಮುಖ್ಯ ಬರಹಗಾರ್ತಿಯಾಗಿದ್ದರು. ಆ ಲಾರಾ ನೋವುಣ್ಣುತ್ತಾಳೆ, ಹೆದರುತ್ತಾಳೆ, ಕಲಿಯುತ್ತಾಳೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯು 2020ರಲ್ಲಿ ಹೊರತಂದ 'ರಾಜಿ' ಎಂಬ ಆಟದಲ್ಲಿ, ಅಸುರರು ಅಪಹರಿಸಿದ ತಮ್ಮನನ್ನು ಬಿಡಿಸಲು ಹೊರಟವಳು ಬಾಲೆಯಾದ ಅಕ್ಕ. ಅವಳ ಕೈಗೆ ಆಯುಧ ಕೊಡುವವಳು ದುರ್ಗೆ. 1981ರ ವಾನರನ ಕಥೆ ಇಲ್ಲಿ ತಲೆಕೆಳಗಾಗಿದೆ. ಕೋಲ್ಕತ್ತಾದ ಕಲಾವಿದೆ ಲೀನಾ ಕೇಜ್ರಿವಾಲ್ ಅವರ ಯೋಜನೆಯಾಗಿ 2016ರಲ್ಲಿ ಬಂದ 'ಮಿಸ್ಸಿಂಗ್' ಎಂಬ ಆಟವು, ಮಾರಾಟಕ್ಕೊಳಗಾದ ಹುಡುಗಿಯೊಬ್ಬಳ ಸ್ಥಾನದಲ್ಲಿ ಆಟಗಾರನನ್ನು ನಿಲ್ಲಿಸಿ, ಅವಳ ಸಂಕಟವನ್ನು ಅವನೇ ಅನುಭವಿಸುವಂತೆ ಮಾಡುತ್ತದೆ.

ಚೆನ್ನೈ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಆಟವೊಂದಿದೆ. ಕೆನಡಾದ ಟೊರಾಂಟೋ ನಗರದ ವಿಸೈ ಗೇಮ್ಸ್ ತಂಡವು 2023ರಲ್ಲಿ ಹೊರತಂದ 'ವೆಣ್ಬಾ'. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ವಲಸೆ ಹೋದ ತಾಯಿಯೇ ಇದರ ನಾಯಕಿ. ಹರಿದುಹೋದ ಹಳೆಯ ಅಡುಗೆ ಪುಸ್ತಕವನ್ನು ಆಧರಿಸಿ ಇಡ್ಲಿ ಮೊದಲಾದ ತಿನಿಸುಗಳನ್ನು ಸರಿಯಾಗಿ ಮಾಡುವುದೇ ಆಟ. ಮಗನು ಮನೆಮಾತಿನಿಂದ ಮೆಲ್ಲಮೆಲ್ಲನೆ ದೂರವಾಗುವುದೇ ಅದರ ನೋವು. 2024ರಲ್ಲಿ ಈ ಆಟವು ಬಾಫ್ಟಾ ಪ್ರಶಸ್ತಿಗೆ ಪಾತ್ರವಾಯಿತು. ಪರನಾಡಿನಲ್ಲಿ ಮಕ್ಕಳ ಬಾಯಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಹೆಣಗುವ ನಮ್ಮ ತಾಯಂದಿರಿಗೆ ಈ ಕಥೆ ಬೇರೆಯದೆನಿಸದು. ಕೈಗೆ ಸಿಕ್ಕ ಒನಕೆಯನ್ನೇ ಹಿಡಿದು ಕೋಟೆ ಕಾಯ್ದ ಚಿತ್ರದುರ್ಗದ ಓಬವ್ವನ ಕಥೆ ಕೇಳಿ ಬೆಳೆದವರಿಗೆ, ಹೆಣ್ಣಿನ ಶೌರ್ಯಕ್ಕೆ ಅರೆಬೆತ್ತಲೆ ವೇಷ ಬೇಕಿಲ್ಲವೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಕಥೆಗಳನ್ನು ಆಟವಾಗಿಸುವ ಕೆಲಸಕ್ಕೆ ನಮ್ಮ ತರುಣ ತಂತ್ರಜ್ಞರು ಮನಸ್ಸು ಮಾಡಬೇಕಾಗಿದೆ.

ಮನೆಯಲ್ಲಿ ಮಾಡಬಹುದಾದದ್ದು

ಗೇಮ್‌ಗಳನ್ನು ಪೂರ್ತಿಯಾಗಿ ನಿಷೇಧಿಸುವುದು ಸುಲಭವಾದರೂ ಫಲಕಾರಿಯಲ್ಲ. 2020ರ ನಿಷೇಧವನ್ನೂ ದಾಟಿ ಪಬ್‌ಜಿ ಪ್ರಸಾರವಾಗುತ್ತಿದ್ದುದನ್ನು ಮೇಲೆ ನೋಡಿದೆವು. ಅದರ ಬದಲು ಈ ಕೆಲವು ಕ್ರಮಗಳು ಉಪಯುಕ್ತವಾಗಬಹುದು.

ವಾರದಲ್ಲಿ ಒಂದು ದಿನವಾದರೂ ಮಗುವಿನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿ, ಸಾಧ್ಯವಾದರೆ ಆಡಿ. ಈ ಕಥೆಯಲ್ಲಿ ಹೆಣ್ಣಿಗೆ ಹೆಸರಿದೆಯೇ, ಅವಳು ಮಾಡುವ ಕೆಲಸವೇನು, ಅವಳ ಉಡುಗೆ ಆ ಕೆಲಸಕ್ಕೆ ಒಪ್ಪುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಸಹಜವಾಗಿ ಕೇಳಿ. ಉಪದೇಶಕ್ಕಿಂತ ಈ ಪ್ರಶ್ನೆಗಳು ಹೆಚ್ಚು ಕೆಲಸ ಮಾಡುತ್ತವೆ.

ಚಿಕ್ಕ ಮಕ್ಕಳ ಆಟದಲ್ಲಿ ಅಪರಿಚಿತರೊಂದಿಗಿನ ಧ್ವನಿ ಸಂಭಾಷಣೆಯನ್ನು ನಿಲ್ಲಿಸಿಡಿ. ಬಹುತೇಕ ಗೇಮ್‌ಗಳ ಸೆಟ್ಟಿಂಗ್‌ನಲ್ಲಿ ಇದಕ್ಕೆ ಅವಕಾಶವಿದೆ. ಸಾಧ್ಯವಿದ್ದಷ್ಟು ಹೊತ್ತು ಹೆಡ್‌ಫೋನ್ ಇಲ್ಲದೆ, ನಡುಮನೆಯಲ್ಲಿ ಆಡುವ ರೂಢಿ ಮಾಡಿಸಿ. ಹಣ ಪಾವತಿಗೆ ಪಾಸ್‌ವರ್ಡ್ ಇರಲಿ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಂಥ ಸೌಲಭ್ಯಗಳಿಂದ ವಯಸ್ಸಿಗೆ ತಕ್ಕ ಮಿತಿಯನ್ನು ವಿಧಿಸಬಹುದು.

ಹುಡುಗಿಯರಿಗೆ ತೊಂದರೆಯಾದಾಗ ಮೊದಲು ಅವರಿಂದ ಮೊಬೈಲ್ ಕಸಿದುಕೊಳ್ಳಬೇಡಿ. ಹೇಳಿದರೆ ಆಟವೇ ನಿಂತುಹೋಗುತ್ತದೆ ಎಂಬ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡಿರುತ್ತಾರೆ, ಗಂಡಿನ ಹೆಸರಿಟ್ಟುಕೊಂಡು ಮಾತನಾಡದೆ ಆಡುತ್ತಾರೆ. ತಪ್ಪು ಮಾಡಿದವನು ಆಡುತ್ತಲೇ ಇದ್ದು, ನೊಂದವಳು ಅಂಗಳ ಬಿಟ್ಟು ಹೊರಡುವುದು ನ್ಯಾಯವಲ್ಲ. ನಿಂದನೆಯ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆನಂತರ ಆ ವ್ಯಕ್ತಿಯನ್ನು ಬ್ಲಾಕ್ ಮಾಡಿ, ಗೇಮ್ ಸಂಸ್ಥೆಗೆ ದೂರು ನೀಡಿ. ವಿಷಯ ಗಂಭೀರವಾದರೆ ಸೈಬರ್ ಅಪರಾಧ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಇವುಗಳನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೆ ಪ್ರತ್ಯೇಕ ವಿಭಾಗವೇ ಇದೆ.

ಹುಡುಗರೊಂದಿಗೆ ಆಡಬೇಕಾದ ಮಾತು ಇದಕ್ಕಿಂತ ಮುಖ್ಯವಾದುದು. ಸೋತಾಗ ಜೊತೆಗಾರ್ತಿಯನ್ನು ಬೈಯುವುದು ವೀರನ ಲಕ್ಷಣವಲ್ಲವೆಂದೂ, ಬೇರೆಯವನು ಬೈಯುವಾಗ ನಗುವುದೂ ಬೈದಂತೆಯೇ ಎಂದೂ ಮನೆಯಲ್ಲಿ ಯಾರಾದರೂ ಅವರಿಗೆ ತಿಳಿಸಿ ಹೇಳಬೇಕು. ಅದನ್ನು ತಂದೆ ಅಥವಾ ಅಜ್ಜ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮ ಹಳ್ಳಿಗಳ ಅಳಿಗುಳಿಮಣೆ, ಚೌಕಾಬಾರಾ ಆಟಗಳಲ್ಲಿ ಅಕ್ಕ ತಮ್ಮ, ಅಜ್ಜಿ ಮೊಮ್ಮಗ ಒಂದೇ ಮಣೆಯ ಸುತ್ತ ಕೂರುತ್ತಿದ್ದರು. ಗೆದ್ದ ಅಕ್ಕನ ಮೇಲೆ ತಮ್ಮ ಮುನಿಸಿಕೊಳ್ಳುತ್ತಿದ್ದನಾದರೂ ಅವಳನ್ನು ಮಣೆಯಿಂದ ಎಬ್ಬಿಸುತ್ತಿರಲಿಲ್ಲ. ಮಣೆಯ ಜಾಗಕ್ಕೆ ಪರದೆ ಬಂದಿದೆ. ಅದರ ಸುತ್ತ ಹೆಣ್ಣುಮಕ್ಕಳಿಗೂ ಸಮನಾದ ಜಾಗವಿರುವಂತೆ ನೋಡಿಕೊಳ್ಳುವ ಹೊಣೆ ಹಿರಿಯರಾದ ನಮ್ಮ ಮೇಲಿದೆ.